ಪ್ರೊಫೆಸರರನ್ನು ನಿಲ್ಲಿಸಿದ್ದು

ಹೆಡ್‌ಮೇಡಂ ಆಗಿರುವ ನನ್ನ ಸೋದರತ್ತೆಗೆ,

ನೀನು ಕಲಿಸಿದ ಮರ್ಯಾದೆ ನನ್ನ ಪಿಎಚ್.ಡಿ. ಸೀಟಿಗೇ ಕುತ್ತು ತರುವುದರಲ್ಲಿತ್ತು, ಕೇಳು. ಇಲ್ಲಿ ಯೂನಿವರ್ಸಿಟಿಯಲ್ಲಿ ಹುಡುಗರು ಪ್ರೊಫೆಸರರ ಮುಂದೆ ಸೇಬು ಕಚ್ಚುತ್ತಲೇ ಪ್ರಶ್ನೆ ಕೇಳುತ್ತಾರೆ! ನಾನು ಕಣ್ಣರಳಿಸಿ ನೋಡುತ್ತೇನೆ. ಶುಕ್ರವಾರದೊಳಗೆ ಯಾರಾದರೊಬ್ಬ ಪ್ರೊಫೆಸರು ನನ್ನ ಮಾರ್ಗದರ್ಶಕರಾಗಲು ಒಪ್ಪಿ ಸಹಿ ಹಾಕದಿದ್ದರೆ ಸೀಟು ರದ್ದು ಅಂದಿದ್ದರು. ಗುರುವಾರ ಅರ್ಜಿ ಹಿಡಿದು ಒಬ್ಬರ ಕೋಣೆಗೆ ಹೋದೆ. ಹೇಳದೆ ಕೂರುವುದುಂಟೇ? ನಿಂತೆ. ನಾನು ನಿಂತದ್ದು ಕಂಡು ಅವರೂ ಎದ್ದರು. ಗುರುಗಳೇ ನಿಂತಿರುವಾಗ ಶಿಷ್ಯೆ ಕೂರುವುದೆಲ್ಲಿಂದ ಬಂತು! ಎರಡು ಒಳ್ಳೆಯ ಕುರ್ಚಿಗಳನ್ನು ಖಾಲಿ ಬಿಟ್ಟು, ನನ್ನ ಸಂಶೋಧನೆಯ ನಿಲುವನ್ನು ಅರ್ಧ ಗಂಟೆ ನಿಂತೇ ಚರ್ಚಿಸಿದೆವು. ಅವರು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ಭಾರ ಹಾಕುತ್ತಿದ್ದರು. ಸಿಟ್ಟು ಬಂದಿದೆ, ಸಹಿ ಸಿಕ್ಕ ಹಾಗೇ ಅಂದುಕೊಂಡೆ.

ಕೊನೆಗೆ ಮೆಲ್ಲಗೆ ಕೇಳಿದರು: “ಯಾಕಮ್ಮ, ಬೆನ್ನು ಹಿಡ್ಕೊಂಡಿದ್ಯಾ? ಕೂರೋಕಾಗಲ್ವಾ?”

“ಇಲ್ಲ ಸಾರ್, ನೀವು ಕೂತ್ಕೋ ಅನ್ಲಿಲ್ಲ.”

“ಅಯ್ಯೋ, ನೀನು ಕೂರ್ಲಿ ಅಂತ ನಾನು ಕಾಯ್ತಿದ್ದೀನಿ! ನಂಗೆ ಮಂಡಿನೋವು ಕಣಮ್ಮ!”

ಧೊಪ್ಪೆಂದು ಕೂತು, ನಗುತ್ತಲೇ ಸಹಿ ಹಾಕಿದರು. ಷರಾ ಅಂಕಣದಲ್ಲಿ ಒಂದು ಷರತ್ತನ್ನೂ ಬರೆದರು: ‘ಈ ವಿದ್ಯಾರ್ಥಿನಿ ಕೋಣೆಗೆ ಬಂದ ಕೂಡಲೇ ಕೂರತಕ್ಕದ್ದು.’

ಊಟ, ನಿದ್ದೆ, ಆರೋಗ್ಯ ಎಲ್ಲ ಸರಿಯಾಗಿದೆ. ಕಾಲುಗಳು ಮಾತ್ರ ಇನ್ನೂ ನಿನ್ನ ಹೆಸರು ಹೇಳುತ್ತಿವೆ. ಈ ಅಂಚೆ ಕಾರ್ಡಿನಲ್ಲಿ ಇನ್ನೆರಡು ಸಾಲಿಗಷ್ಟೇ ಜಾಗ. ಶುಕ್ರವಾರ ಬೆಳಿಗ್ಗೆ ಆಫೀಸಿನ ಗುಮಾಸ್ತೆ ಅರ್ಜಿಯನ್ನು ಎರಡು ಸಲ ಓದಿದಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಮುದ್ರೆ ಒತ್ತುವ ಮೊದಲು ಎದ್ದು ಹೋಗಿ ಒಂದು ಕುರ್ಚಿ ತಂದು ಹಾಕಿದಳು.

ಅದರಲ್ಲೇ ಕೂತು ಬರೆದ,
ನಿನ್ನ ಸೋದರಸೊಸೆ