ಗಾಳಿಯ ಮೇಲಿನ ಅಪವಾದ

ಅಲಬಾಮಾ
ಭಾನುವಾರ, 14 ಸೆಪ್ಟೆಂಬರ್ 2014

ಬಾಗಿಲು ತೆಗೆಯದ ನನ್ನ ಮುದ್ದು ತಂಗಿ ವರ್ಲೀನ್‌ಗೆ,

ನಿನ್ನೆ ನಾನು ಕದ ತಟ್ಟಿದಾಗ ನೀನು ಟೀವಿ ಆರಿಸಿದ್ದು ಗೊತ್ತಾಯಿತು. ಬೆಂಡೆಕಾಯಿ ಹುರಿಯುವ ವಾಸನೆಯನ್ನು ಮಾತ್ರ ಆರಿಸಲು ನಿನ್ನಿಂದಾಗಲಿಲ್ಲ. ಅಕ್ಕನ ಜೊತೆಗೇ ಕಣ್ಣಾಮುಚ್ಚಾಲೆಯೇ?

ಸ್ತನದ ಎಕ್ಸ್‌ರೇ ಚಿತ್ರದಲ್ಲಿ ಗಡ್ಡೆಯಂಥದ್ದು ಏನೋ ಕಂಡಿದೆ, ಸೂಜಿ ಹಾಕಿ ಚೂರು ತೆಗೆದು ನೋಡಬೇಕು ಎಂದು ಆಸ್ಪತ್ರೆಯಿಂದ ಪತ್ರ ಬಂದು ಐದು ವಾರವಾಯಿತೆಂದು ನೀನೇ ಫೋನಿನಲ್ಲಿ ಹೇಳಿದೆ. ಆಮೇಲೆ, "ಚುಚ್ಚಿದ್ರೆ ಗಾಳಿ ತಾಗತ್ತೆ, ಗಾಳಿ ತಾಗಿದ್ರೆ ಮೈಯೆಲ್ಲ ಹರಡತ್ತೆ. ಕೊಯ್ದ ಮೇಲೇ ತಾನೆ ಅಮ್ಮ ಹೋಗಿದ್ದು?" ಎಂದು ಫೋನಿಟ್ಟೆ.

ಈ ಮಾತು ನನಗೆ ಹೊಸದಲ್ಲ. ಆರೋಗ್ಯ ಸಲಹೆಗಾರ್ತಿಯಾಗಿ ಆರು ವರ್ಷದಿಂದ ನಮ್ಮ ಹೆಂಗಸರ ಮನೆಮನೆ ತಿರುಗಿದ್ದೇನೆ. ನಾನೇನು ಡಾಕ್ಟರಿಕೆ ಓದಿದವಳಲ್ಲ; ಕಷ್ಟ ಬಂದರೆ ಯಾರ ಹತ್ತಿರ ಹೋಗುತ್ತೀರಿ ಎಂದು ಆರೋಗ್ಯ ಯೋಜನೆಯವರು ಚರ್ಚಿನಲ್ಲಿ ವಿಚಾರಿಸಿದಾಗ ಹೆಚ್ಚು ಜನ ನನ್ನ ಹೆಸರು ಹೇಳಿದರು, ಅಷ್ಟೆ. ಬಿಳಿಯ ಹೆಂಗಸರಿಗೂ ಕರಿಯರಾದ ನಮಗೂ ಬರುವುದು ಅದೇ ಕ್ಯಾನ್ಸರ್ ಗಡ್ಡೆ, ಸಾಯುವುದು ಮಾತ್ರ ನಾವು ಹೆಚ್ಚು. ಆಸ್ಪತ್ರೆ ದೂರ, ಅಲ್ಲಿ ನಮ್ಮ ಮಾತಿಗೆ ಕಿವಿಗೊಡುವವರು ಕಡಿಮೆ, ಹಾಗಾಗಿ ನಾವು ಹೋಗುವುದೂ ತಡ. ಮಿಸ್ ಕ್ಲಿಯೋಥಾ ಕೂಡ, "ದೇವ್ರು ನೋಡ್ಕೋತಾನೆ, ನೀನು ಹೋಗಮ್ಮ" ಎಂದಿದ್ದಳು. "ಅವನೇ ಕಾರು ಕೊಟ್ಟು ನನ್ನ ಕಳ್ಸಿದಾನೆ, ಹತ್ತು" ಎಂದೆ. ಗಡ್ಡೆ ಸಣ್ಣದಿರುವಾಗಲೇ ತೆಗೆದರು. ಈಗ ಚರ್ಚಿನ ಗಾಯನದಲ್ಲಿ ಅವಳ ಗಂಟಲೇ ಎಲ್ಲರಿಗಿಂತ ಜೋರು.

ಗುರುವಾರ ಬೆಳಿಗ್ಗೆ ಎಂಟಕ್ಕೆ ನಿನ್ನನ್ನು ಆಸ್ಪತ್ರೆಗೆ ಕರೆದೊಯ್ಯಲು ಬರುತ್ತೇನೆ. ಸೂಜಿ ಹಾಕುವಾಗ ನಿನ್ನ ಕೈ ಹಿಡಿದಿರುತ್ತೇನೆ. ಡಾಕ್ಟರು ಹೇಳಿದ್ದು ಅರ್ಥವಾಗದಿದ್ದರೆ ಮೂರು ಸಲ ಹೇಳಿಸುತ್ತೇನೆ, ನನ್ನ ಬಾಯಿ ಅವರಿಗೂ ಗೊತ್ತು. ಚರ್ಚಿಗೆ ಹೋಗುವ ಟೋಪಿ ಹಾಕಿಕೋ. ನಮ್ಮನ್ನು ಯಾರೂ ಹಗುರವಾಗಿ ಕಾಣಬಾರದು.

ನಿನ್ನ ಹಟಮಾರಿ ಅಕ್ಕ,
ಓಡೆಸ್ಸಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಕೊಯ್ಯುವುದಕ್ಕೆ ಎರಡು ವರ್ಷ ಮೊದಲೇ ಅಮ್ಮನ ಗಡ್ಡೆ ನನ್ನ ಕೈಗೆ ಸಿಕ್ಕಿತ್ತು, ಅವಳಿಗೆ ಉಡುಪು ತೊಡಿಸುವಾಗ. "ವರ್ಲೀನ್‌ಗೆ ಹೇಳ್ಬೇಡ, ಅವಳ ಮದ್ವೆ ಮುಗೀಲಿ" ಎಂದು ಬೈಬಲ್ ಮೇಲೆ ಆಣೆ ಹಾಕಿಸಿದಳು. ಮದುವೆ ಮುಗಿಯಿತು, ನಿನಗೆ ಮಗುವೂ ಹುಟ್ಟಿತು, ನಾನು ಬಾಯಿ ಬಿಡಲಿಲ್ಲ. ಡಾಕ್ಟರು ಕೊಯ್ದಾಗ ಅದು ಆಗಲೇ ಎಲ್ಲ ಕಡೆ ಹರಡಿತ್ತು. ನೀನು ಗಾಳಿಯನ್ನು ಬೈದಾಗಲೆಲ್ಲ ನನಗೆ ಒಳಗೊಳಗೇ ನೆಮ್ಮದಿಯಾಗುತ್ತಿತ್ತು. ಇನ್ನು ಬೈಯುವುದಿದ್ದರೆ ನನ್ನನ್ನೇ ಬೈ, ಗುರುವಾರ, ಕಾರಿನಲ್ಲಿ ಕೂತು. ಅರವತ್ತು ಮೈಲಿ ದಾರಿಯಿದೆ.