ಮೂರು ಸಲ ಕೇಳುವ ಹಾಡು

ಪ್ರಿಲೆಪ್
ಸೋಮವಾರ, ೪ ಮಾರ್ಚ್ ೨೦೧೯

ಲೋ ಕುಜ್ಮಾನ್,

ಹೇಗಿದ್ದೀಯೋ? ಬಿತೋಲದ ಚಳಿ ನಿನ್ನ ಮೊಣಕಾಲಿಗೆ ಆಗಿಬರುತ್ತಿಲ್ಲವೆಂದು ನಿನ್ನ ಹೆಂಡತಿ ನನ್ನ ವಾಸ್ಕಳಿಗೆ ಫೋನಿನಲ್ಲಿ ಹೇಳಿದಳಂತೆ. ನಾವಿಬ್ಬರು ಮಾತು ಬಿಟ್ಟರೂ ಅವರಿಬ್ಬರು ಬಿಟ್ಟಿಲ್ಲ, ಪುಣ್ಯ. ಕಾಗದ ಬರೆಯುವುದು ತಡವಾಯಿತು. ಎಷ್ಟು ತಡ ಅಂದರೆ ಹನ್ನೊಂದು ವರ್ಷ. ಹಾಗಂತ ಕ್ಷಮೆ ಕೇಳುತ್ತಿದ್ದೇನೆ ಅಂದುಕೊಳ್ಳಬೇಡ. ಹಿರಿಯರು ಹೋಗಿ ಕಿರಿಯರ ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಮೊದಲು ಸುದ್ದಿ ಕೇಳು, ಎದೆ ಉಬ್ಬುವ ಸುದ್ದಿ. ನಮ್ಮ ಹಾಡಿನ ಹೆಸರಿನಲ್ಲಿ ಸಾಂಸ್ಕೃತಿಕ ಭವನದ ಗೋಡೆಗೆ ಫಲಕ ಕೂರಿಸುತ್ತಿದ್ದಾರೆ. ತಗಡಲ್ಲ ಮಾರಾಯ, ನಮ್ಮೂರಿನದೇ ಬಿಳಿ ಅಮೃತಶಿಲೆ! ಅದೇ ಭವನದ ಮ್ಯಾನೇಜರು ಒಂದು ಕಾಲದಲ್ಲಿ "ಈ ಗಲಾಟೆ ಇಲ್ಲಿ ಬೇಡ, ಹೋಗಿ ತಂಬಾಕು ಗೋದಾಮಿನಲ್ಲಿ ಬಾರಿಸ್ಕೊಳ್ಳಿ" ಅಂತ ನಮ್ಮ ಡ್ರಮ್ಮುಗಳನ್ನು ಮೆಟ್ಟಿಲ ಮೇಲೆ ಇಡಿಸಿದ್ದ, ನೆನಪಿದೆಯಾ? ಕಳೆದ ಬೇಸಿಗೆಯಲ್ಲಿ ಸ್ಕೋಪ್ಯೆಯ ಕ್ರೀಡಾಂಗಣದಲ್ಲಿ ಇಪ್ಪತ್ತರ ಹುಡುಗರ ತಂಡವೊಂದು ನಮ್ಮ ಹಾಡನ್ನು ಎತ್ತಿಕೊಂಡಿತು. ಮೊದಲ ಸಾಲು ಮುಗಿಯುವಷ್ಟರಲ್ಲಿ ಹಾಡುವವನು ಮೈಕನ್ನು ಜನರ ಕಡೆ ತಿರುಗಿಸಿಬಿಟ್ಟ.

ಮೂರು ಸಲ ಕೇಳು, ಕದಕೆ ಚಿಲಕ ಹಾಕಿಲ್ಲ
ಹಲ್ವಾ ಒಣಗಿತು ತಟ್ಟೆಯಲಿ, ಬರುವವನು ಬಂದಿಲ್ಲ

ಅಷ್ಟೂ ಜನ, ಒಂದಕ್ಷರ ತಪ್ಪದೆ. ಏಳೆಣಿಕೆಯ ತಾಳಕ್ಕೆ ಚಪ್ಪಾಳೆ ಹಾಕುವುದು ಹುಡುಗಾಟವೇ? ಒಬ್ಬರ ಕೈಯೂ ಜಾರಲಿಲ್ಲ. ವಾಸ್ಕ ನನ್ನ ಮುಖ ನೋಡಿ "ಅಳ್ತಿದೀರಾ?" ಅಂದಳು. "ಕಣ್ಣಿಗೆ ಹೊಗೆ ಹೋಯ್ತು ಕಣೇ" ಅಂದೆ. ಪಕ್ಕದಲ್ಲಿ ನೀನಿರಬೇಕಿತ್ತು ಅಂತ ಆಗ ಅನ್ನಿಸಿತು. ಅನ್ನಿಸಿದ್ದನ್ನು ಯಾಕೆ ಮುಚ್ಚಿಡಲಿ?

ಆ ಹಾಡಿನ ಅರ್ಥ ಏನು ಅಂತ ಈಗ ದೊಡ್ಡ ಜಟಾಪಟಿ ನಡೆದಿದೆ. ನೀನೂ ಟೀವಿಯಲ್ಲಿ ನೋಡಿರುತ್ತೀಯ. ಒಬ್ಬ ಪ್ರೊಫೆಸರನ ಪ್ರಕಾರ ಬರದೆ ಉಳಿದವನು ಅಂದರೆ ಸ್ವಾತಂತ್ರ್ಯ. ಇನ್ನೊಬ್ಬ ಅದು ಶುದ್ಧ ಪ್ರೇಮಗೀತೆ, ಹುಡುಗಿ ಪ್ರಿಯಕರನಿಗೆ ಕಾಯುತ್ತಿದ್ದಾಳೆ ಅಂತಾನೆ. ನಮ್ಮ ಚರ್ಚಿನ ಪಾದ್ರಿ ಪ್ರಾರ್ಥನೆ ಅಂದ. ಎಪ್ಪತ್ತೆಂಟರಲ್ಲಿ ರೇಡಿಯೋ ಸಮಿತಿಯವರು "ಈ ಹಲ್ವಾ ಯಾವುದರ ಸಂಕೇತ, ಕಾಮ್ರೇಡ್?" ಅಂತ ಅರ್ಧ ದಿನ ಕೂರಿಸಿ ಕೇಳಿದ್ದರಲ್ಲ, "ಎಳ್ಳು, ಸಕ್ಕರೆ" ಅಂತ ನೀನು ಹೇಳಿದೆ, ಅವರು ಅದನ್ನೂ ಬರೆದುಕೊಂಡರು! ತಾಳವೋ, ಇಂಗ್ಲೆಂಡಿನ ರೆಕಾರ್ಡುಗಳಿಂದ ಕದ್ದದ್ದಂತೆ. ಅದನ್ನು ಓದಿದ ದಿನ ಪತ್ರಿಕೆಯನ್ನು ಒಲೆಗೆ ಹಾಕಿದೆ.

ಹೋದ ವಾರ ಜಾಗ್ರೆಬ್‌ನಿಂದ ದುನ್ಯಾ ಎಂಬ ಹುಡುಗಿ ಬಂದಿದ್ದಳು. ನಮ್ಮ ಕಾಲದ ರಾಕ್ ತಂಡಗಳ ಬಗ್ಗೆ ಪುಸ್ತಕ ಬರೆಯುತ್ತಾಳಂತೆ. "ಮೂರು ಸಲ ಏನನ್ನ ಕೇಳ್ಬೇಕು?" ಅಂತ ನೇರ ಬುಡಕ್ಕೇ ಕೈ ಹಾಕಿದಳು.

"ನೋಡಮ್ಮಾ," ಅಂದೆ, "ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಶುರುವಾಗೋ ಹಿಂದಿನ ಭಾನುವಾರ ನಮಗೆ ಕ್ಷಮೆಯ ದಿನ. ಚಿಕ್ಕೋರು ದೊಡ್ಡೋರ ಮನೆಗೆ ಹೋಗಿ, ಕೈಗೆ ಮುತ್ತಿಟ್ಟು, ಮೂರು ಸಲ ಕ್ಷಮಿಸಿ ಅಂತಾರೆ. ದೊಡ್ಡೋರು ಮೂರು ಸಲವೂ, ನಾನು ಕ್ಷಮಿಸಿದೆ, ದೇವರೂ ಕ್ಷಮಿಸಲಿ ಅಂತಾರೆ. ಹೋಗಬೇಕಾದೋರು ಚಿಕ್ಕೋರೇ. ದೊಡ್ಡೋರು ಬಾಗಿಲು ತೆಗೆದಿಟ್ಟು, ಬಂದೋರಿಗೆ ಕೊಡೋಕೆ ತಟ್ಟೇಲಿ ಹಲ್ವಾ ಇಟ್ಕೊಂಡು ಕೂತಿರ್ತಾರೆ, ಅಷ್ಟೇ."

"ಸರಿ. ಅವಳಿಗಳಾದ್ರೆ?" ಅಂದಳು. ಎಂಥ ಚುರುಕು ನೋಡು!

ಅವಳಿಗೆ ಎಲ್ಲವನ್ನೂ ಹೇಳಿದೆ ಕುಜ್ಮಾನ್. ಯಾರು ಮೊದಲು ಹುಟ್ಟಿದ್ದು ಅಂತ ಅಮ್ಮ ನಮಗೆ ಹೇಳಲೇ ಇಲ್ಲ, "ಹೇಳಿದ್ರೆ ಒಬ್ಬನು ಇನ್ನೊಬ್ಬನ ತಲೆ ಮೇಲೆ ಕೂತ್ಕೋತಾನೆ" ಅನ್ನುತ್ತಿದ್ದಳು, ಅದನ್ನು ಹೇಳಿದೆ. ಎಪ್ಪತ್ತೆಂಟರಲ್ಲಿ, ಇಪ್ಪತ್ತೈದು ವರ್ಷದ ಎರಡು ಕತ್ತೆಗಳು ಒಂದು ಕೆಂಪು ಚರ್ಮದ ಜಾಕೆಟ್ಟಿಗಾಗಿ ಮಾತು ಬಿಟ್ಟದ್ದನ್ನು ಹೇಳಿದೆ. ಕ್ಷಮೆಯ ಭಾನುವಾರ ಬಂತು. ನೀನು ನಿನ್ನ ಕೋಣೆಯಲ್ಲಿ, ನಾನು ನನ್ನ ಕೋಣೆಯಲ್ಲಿ, ಇಬ್ಬರೂ ಬಾಗಿಲು ತೆಗೆದಿಟ್ಟುಕೊಂಡು, ಇಬ್ಬರೂ ತಟ್ಟೆಯಲ್ಲಿ ಹಲ್ವಾ ಇಟ್ಟುಕೊಂಡು, ಇಬ್ಬರೂ ದೊಡ್ಡ ಮನುಷ್ಯರಾಗಿ, ಚಿಕ್ಕವನು ಬರಲಿ ಅಂತ ಬೆಳಗಿನಿಂದ ಸಂಜೆಯವರೆಗೆ ಕೂತಿದ್ದೆವು. ದುನ್ಯಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಆಚೆ ನೀನು ಬೇಜಾರಿಗೆ ಮೇಜು ಬಡಿಯತೊಡಗಿದೆ. ಒಂದು ಉದ್ದ, ಎರಡು ಗಿಡ್ಡ; ಮೂರು, ಎರಡು, ಎರಡು, ಸೇರಿದರೆ ಏಳೆಣಿಕೆ. ಅದು ಎಲ್ಲಿಯದು ಅಂತ ನನಗೆ ಆ ಕ್ಷಣವೇ ಗೊತ್ತಾಯಿತು. ಅಮ್ಮ ಅಂಗಳದಲ್ಲಿ ಕೂತು ಉದ್ದನೆಯ ಸೂಜಿಗೆ ತಂಬಾಕಿನೆಲೆ ಪೋಣಿಸುತ್ತಿದ್ದಳಲ್ಲ, ದೊಡ್ಡೆಲೆ ಒಂದು, ಸಣ್ಣೆಲೆ ಎರಡು, ದೊಡ್ಡೆಲೆ ಒಂದು, ಸಣ್ಣೆಲೆ ಎರಡು. ಅದೇ ತಾಳ. ನಾಲ್ಕು ಗಂಟೆಯ ಹೊತ್ತಿಗೆ ಮಾತುಗಳು ಅದರ ಮೇಲೆ ತಾವಾಗಿ ಕೂತವು. ನಮ್ಮ ಹಾಡು ಹುಟ್ಟಿದ್ದು ಹಾಗೆ. ಅದರಲ್ಲಿ ಇಂಗ್ಲೆಂಡೂ ಇಲ್ಲ, ಸ್ವಾತಂತ್ರ್ಯವೂ ಇಲ್ಲ, ಹುಡುಗಿಯಂತೂ ಇಲ್ಲವೇ ಇಲ್ಲ.

ಸಂಜೆ ಅಮ್ಮ ಪೊರಕೆ ಹಿಡಿದುಕೊಂಡು ಬಂದಳು. "ಏನ್ರೋ, ಇಬ್ರಲ್ಲಿ ಒಬ್ಬನಿಗೂ ಕಾಲಿಲ್ವೇನ್ರೋ?" ಕಿವಿ ಹಿಡಿದು ಇಬ್ಬರನ್ನೂ ಎಳೆದು ತಂದು, ತನ್ನ ಕೈಗೇ ಮುತ್ತಿಡಿಸಿದಳು. ಅಲ್ಲಿಗೆ ಮುಗಿಯಿತು. ಮಾರನೆಯ ವಾರ ನಾವು ಗೋದಾಮಿನಲ್ಲಿ ಅದನ್ನು ಬಾರಿಸಿದಾಗ ಎಲೆ ವಿಂಗಡಿಸುವ ಹೆಂಗಸರು ಕೆಲಸ ನಿಲ್ಲಿಸಲಿಲ್ಲ, ತಾಳಕ್ಕೆ ಸರಿಯಾಗಿ ಕೆಲಸ ಮಾಡಿದರು. ಅದಕ್ಕಿಂತ ದೊಡ್ಡ ಮರ್ಯಾದೆ ನನಗೆ ಇವತ್ತಿಗೂ ಸಿಕ್ಕಿಲ್ಲ.

ಇನ್ನು ಕಹಿ ಮಾತು. ರೇಡಿಯೋದವನು "ಯಾರು ಕಟ್ಟಿದ್ದು?" ಅಂತ ಕೇಳಿದಾಗ, "ನಾನೇ. ಮಾತು, ರಾಗ, ತಾಳ ಎಲ್ಲಾ ನಂದೇ" ಅಂದೆ. ನೀನು ಪಕ್ಕದಲ್ಲೇ ಕೂತಿದ್ದೆ. ಮೇಜಿನ ಕೆಳಗೆ ನನ್ನ ಕಾಲಿಗೆ ಒದ್ದು ನೀನು ನಕ್ಕೆ. ನಕ್ಕನಲ್ಲ, ಮುಗಿಯಿತು ಅಂದುಕೊಂಡೆ. ಅಮ್ಮ ತೀರಿಕೊಂಡ ನಲವತ್ತನೇ ದಿನದ ತಿಥಿಯೂಟದಲ್ಲಿ ನೀನು ಸ್ಪೂನು ಕೆಳಗಿಟ್ಟು "ಅದು ಅಮ್ಮನ ಸೂಜಿ ತಾಳ ಕಣೋ ದಾಮ್ಯಾನ್. ಬಡಿದೋನು ನಾನು. ಒಂದ್ಸಲ, ಎಲ್ಲರ ಮುಂದೆ, ಅಷ್ಟು ಹೇಳಿಬಿಡೋ" ಅಂದಾಗಲೇ ಗೊತ್ತಾದದ್ದು, ಮೂವತ್ತು ವರ್ಷ ಅದು ನಿನ್ನೊಳಗೆ ಕೂತಿತ್ತು ಅಂತ. ನಾನೇನಂದೆ? "ಮೊದ್ಲು ಚಿಕ್ಕೋನ ಥರ ಬಂದು ಕೈಗೆ ಮುತ್ತಿಟ್ಟು ಕ್ಷಮೆ ಕೇಳು. ಆಮೇಲೆ ನೋಡೋಣ." ಇಡೀ ಬಂಧುಬಳಗದ ಮುಂದೆ. ನೀನು ಕೋಟು ಎತ್ತಿಕೊಂಡು ಹೊರಟೆ, ಮತ್ತೆ ಈ ಮನೆಯ ಮೆಟ್ಟಿಲು ಹತ್ತಲಿಲ್ಲ.

ತಾಳ ನಿನ್ನದು ಅಂತ ದುನ್ಯಾಳ ಹತ್ತಿರ ಬರೆಸಿದ್ದೇನೆ. ಅಮ್ಮನ ಹೆಸರನ್ನೂ, ಸ್ಪಾಸಿಯಾ ಅಂತ, ಅಕ್ಷರ ಬಿಡಿಸಿ ಹೇಳಿದ್ದೇನೆ. ಫಲಕದಲ್ಲೂ ಇಬ್ಬರ ಹೆಸರು ಬರಬೇಕು ಅಂತ ಪಟ್ಟುಹಿಡಿದೆ, ಒಪ್ಪಿದರು. ಶನಿವಾರ ಕಲ್ಲು ಕೆತ್ತುವ ರಿಸ್ತೊ ಸಿಕ್ಕಿ, "ಸ್ವಾಮಿ, ದೊಡ್ಡೋರ ಹೆಸರು ಮೊದ್ಲು ಕೆತ್ತೋದು ನಮ್ಮ ರೂಢಿ. ನಿಮ್ಮಲ್ಲಿ ದೊಡ್ಡೋರ್ಯಾರು?" ಅಂದ. ಸೋಮವಾರ ಹೇಳುತ್ತೇನೆ ಅಂದೆ. ಅವನು ಉಳಿ ಕೆಳಗಿಟ್ಟು ಕಾಯುತ್ತಿದ್ದಾನೆ.

ಮೊಣಕಾಲು ಜೋಪಾನ. ತಣ್ಣೀರಿಗೆ ಇಳಿಯಬೇಡ, ರಾಕಿಯಾ ಕುಡಿಯುವುದು ಕಡಿಮೆ ಮಾಡು. ನಿನಗೂ ನಿನ್ನ ಮನೆಯವರಿಗೂ ಹಿರಿಯನಾಗಿ ನನ್ನ ಆಶೀರ್ವಾದ, ನೂರು ವರ್ಷ ಬಾಳಿರಿ.

ಇಂತಿ,
ದಾಮ್ಯಾನ್

ಮರೆತಿದ್ದು: ಮರೆತಿದ್ದಲ್ಲ, ಧೈರ್ಯ ಸಾಲದೆ ಬಿಟ್ಟಿದ್ದು. ಮೇಲಿನ ಆಶೀರ್ವಾದವನ್ನು ಹೊಡೆದುಹಾಕು. ಅದನ್ನು ಮಾಡುವ ಹಕ್ಕು ನನಗಿಲ್ಲ.

ಅಮ್ಮ ತೀರಿಕೊಳ್ಳುವ ಮೂರು ದಿನ ಮೊದಲು, ನೀನು ಔಷಧಿಯಂಗಡಿಗೆ ಹೋಗಿದ್ದಾಗ, ನನ್ನನ್ನು ಹತ್ತಿರ ಕರೆದಳು. "ಕುಜ್ಮಾನ್ ಮೊದ್ಲು ಬಂದ. ನೀನು ಹನ್ನೆರಡು ನಿಮಿಷ ಆದ್ಮೇಲೆ. ನಾನು ಹೋದ್ಮೇಲೆ ನಿಮ್ಮ ಕಿವಿ ಹಿಡಿಯೋರು ಯಾರೂ ಇರಲ್ಲ ಮಗಾ, ಜಗಳ ಆದ್ರೆ ನೀನೇ ಹೋಗು" ಅಂದಳು. ಹೂಂ ಅಂದೆ. ಅವಳ ಕೈ ಹಿಡಿದು ಹೂಂ ಅಂದೆ.

ಅದನ್ನು ತಿಳಿದೂ ತಿಳಿದೂ, ನಲವತ್ತನೇ ದಿನ, ಅವಳ ಹೆಸರಿನ ಅನ್ನದ ಮುಂದೆಯೇ ನಿನಗೆ ಆ ಮಾತು ಆಡಿದೆ. ಹನ್ನೊಂದು ಕ್ಷಮೆಯ ದಿನಗಳು ಬಾಗಿಲು ತೆಗೆದಿಟ್ಟು ಕೂತೆ. ವಾಸ್ಕ ಪ್ರತಿ ಸಲ "ಪಾಪ, ತಮ್ಮನಿಗೆ ಕಾಯ್ತಾರೆ" ಅಂತ ಹಲ್ವಾ ಇಟ್ಟು ಹೋಗುತ್ತಿದ್ದಳು. ಅವಳಿಗೂ ಹೇಳಿರಲಿಲ್ಲ; ನಿನ್ನೆ ಹೇಳಿದೆ. ಇನ್ನೂ ನನ್ನ ಜೊತೆ ಮಾತಾಡಿಲ್ಲ.

ರಿಸ್ತೊನ ಹತ್ತಿರ ಈಗಷ್ಟೇ ಹೋಗಿಬಂದೆ. ನಿನ್ನ ಹೆಸರಿನ ಮೊದಲ ಅಕ್ಷರ ಕಲ್ಲಿನ ಮೇಲೆ ಆಗಲೇ ಬಿದ್ದಿದೆ, ಚೆನ್ನಾಗಿ ಆಳವಾಗಿದೆ.

ಬರುವ ಭಾನುವಾರ ಕ್ಷಮೆಯ ದಿನ, ಹನ್ನೊಂದರ ಬಸ್ಸಿಗೆ ಬರುತ್ತೇನೆ. ಬಾಗಿಲಿಗೆ ಚಿಲಕ ಹಾಕಿದ್ದರೂ ಸರಿ, ಹೊರಗೇ ನಿಂತು ಮೂರು ಸಲ ಕೇಳುತ್ತೇನೆ. ಬಾಯಿ ರೂಢಿಯಾಗಲಿ ಅಂತ ಮೊದಲನೆಯದನ್ನು ಇಲ್ಲೇ ಕೇಳಿಬಿಡುತ್ತೇನೆ.

ಕ್ಷಮಿಸು ಅಣ್ಣಾ.