ಜಾಜ್‌ನೋರಿಗೆ ಪಲ್ಲವಿ ಎತ್ತಿಕೊಟ್ಟೆ

ಪುಣೆ, ಸೋಮವಾರ

ಕತ್ತಲಗೆರೆ ಭಜನೆ ಮೇಳದ ಯಜಮಾನರಾದ ಬೈಲಪ್ಪ ಭಾವನೋರಿಗೆ ಕೆಂಚೇಶನ ನಮಸ್ಕಾರ. ನಿಮ್ಮ ಮ್ಯಾಲಿನ ಸಿಟ್ಟು ಇನ್ನೂ ಇಳಿದಿಲ್ಲ, ಆ ಮಾತು ಬ್ಯಾರೆ.

ನಿನ್ನೆ ಮಗಳು ರಕ್ಷಾ ಜಾಜ್ ಕಛೇರಿಗೆ ಕರ್ಕೊಂಡು ಹೋಗಿದ್ಲು. ನಮ್ಮ ಮದುವೆ ಬ್ಯಾಂಡಿನೋರು ಬಾರಿಸ್ತಾರಲ್ಲ, ಆ ಹಳೇ ಹಿಂದಿ ಸಿನಿಮಾ ಹಾಡನ್ನೇ ಒಬ್ಬ ಹೆಣ್ಣುಮಗಳು ಹಾಡಾಕೆ ನಿಂತ್ಲು. ಮೊದಲ ಸಾಲು ಸರಿಯಾಗೇ ಬಂತು. ಆಮೇಲೆ ಪಿಯಾನೋದೋನು ಒಂದು ದಿಕ್ಕಿಗೆ ಹೋದ, ಆಯಮ್ಮ ಇನ್ನೊಂದು ದಿಕ್ಕಿಗೆ ಹೋಗಿ, ಮಾತೂ ಬಿಟ್ಟು 'ಡುಬ ಡುಬ ಡಾ' ಅನ್ನಾಕೆ ಶುರು ಮಾಡಿದ್ಲು. ಹಾಡು ಮರೆತೈತೆ ಪಾಪ ಅಂತ ನನಗೇ ಬೆವರು ಬಂತು. ಜನ ಮಾತ್ರ ಕಣ್ಣು ಮುಚ್ಚಿ ತಲೆ ಆಡಿಸ್ತಾ ಕುಂತಿದ್ರು. ಭಜನೇಲಿ ಮುಂದಿನೋರು ತಪ್ಪಿದ್ರೆ ಹಿಂದಿನೋರು ಪಲ್ಲವಿ ಎತ್ತಿಕೊಡಲ್ವೇನ್ರೀ? ನಾನೂ ಎದ್ದು ನಿಂತು ಹಾಡಿನ ಮೊದಲ ಸಾಲನ್ನ ಜೋರಾಗಿ ಎತ್ತಿಕೊಟ್ಟೆ. ರಕ್ಷಾ ಮುಖ ಮುಚ್ಚಿಕೊಂಡ್ಲು.

ಇಡೀ ಸಭೆ ಚಪ್ಪಾಳೆ ಹೊಡೀತು! ಮುಗಿದ ಮ್ಯಾಲೆ ಪಿಯಾನೋದೋನು ಓಡಿಬಂದು ನನ್ನ ಕೈ ಹಿಡ್ಕೊಂಡ. 'ಈ ಹಾಡನ್ನ ಇದ್ದಂಗೇ ಹಾಡೋ ಧೈರ್ಯ ಇಲ್ಲಿ ಯಾರಿಗೂ ಬಂದಿರಲಿಲ್ಲ' ಅಂದನಂತೆ. ರಕ್ಷಾನೇ ಕನ್ನಡದಾಗೆ ಹೇಳಿದ್ಲು. ಇವರು ಹಾಡನ್ನ ಇದ್ದಂಗೆ ಹಾಡಲ್ಲವಂತೆ, ಬೇಕಂತಲೇ ಅವರವರ ಸ್ವರ ಸೇರಿಸ್ತಾರಂತೆ.

ಏಸಿ ಗಾಳಿಗೆ ನೆಗಡಿ ಆಗೈತೆ, ಮೊಣಕಾಲು ಪರವಾಗಿಲ್ಲ. ಕಾರ್ಡಿನಾಗೆ ಜಾಗ ಮುಗೀತು. ಹೋದ ಶ್ರಾವಣದಾಗೆ ಭಜನೆ ಪದಕ್ಕೆ ಸ್ವಂತ ಸ್ವರ ಸೇರಿಸಿದೆ ಅಂತ ನನ್ನ ಕೈಯಿಂದ ಹಾರ್ಮೋನಿಯಂ ಕಸ್ಕೊಂಡ್ರಲ್ಲ, ಅದು ತಪ್ಪಲ್ಲವಂತೆ ಭಾವ, ಜಾಜ್ ಅಂತೆ. ಶನಿವಾರ ಬರ್ತೀನಿ, ಪೆಟ್ಟಿಗೆ ಒರೆಸಿ ಇಟ್ಟಿರ್ರಿ.

ಕೆಂಚೇಶ